ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಬೇಕಾ? ಮೊದಲು ಗಡಿಯಾರ ನೋಡಿ

ಮುಂಬಯಿಯ ಮಾಟುಂಗದಲ್ಲಿ ಯಕ್ಷಗಾನ ಇದೆ ಅಂದರೆ ನಾನು ಕ್ಯಾಮೆರಾ ಹೊತ್ತು ಹೋಗುತ್ತೇನೆ. ರಾತ್ರಿ ಲೋಕಲ್ ಹಿಡಿದು ಡೊಂಬಿವಲಿಗೆ ಬರುವಾಗ ಕಾರ್ಡಿನಲ್ಲಿ ಆರುನೂರು ಫೋಟೊ. ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ‘ಫೋಟೊ ಎಲ್ಲಿ ಮಾರಾಯ್ರೆ?’ ಶುರು. ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವವರಿಗೆ ನಾನು ಹೇಳುವುದಿಷ್ಟೇ: ನಿಮ್ಮ ಹೊತ್ತು ಎಲ್ಲಿ ಹೋಗುತ್ತಿದೆ ನೋಡಿ.

ಒಂದು, ಬರೆದಿಡಿ. ಕಾಪಿ ಮಾಡಲು, ಆರಿಸಲು, ತಿದ್ದಲು, ಕಳಿಸಲು ಎಷ್ಟೆಷ್ಟು ಹೊತ್ತು ಅಂತ. ಬಣ್ಣ ತಿದ್ದುವುದೇ ನನ್ನ ರಾತ್ರಿ ತಿನ್ನುತ್ತದೆ ಅಂದುಕೊಂಡಿದ್ದೆ. ಬರೆದು ನೋಡಿದರೆ ಎರಡು ಗಂಟೆ ಬರೀ ಆರಿಸುವುದಕ್ಕೇ ಹೋಗಿತ್ತು, ಒಂದೇ ಗಿರಕಿಯ ಹದಿನೆಂಟು ಫೋಟೊಗಳಲ್ಲಿ ವೇಷಧಾರಿ ಕಣ್ಣು ಮುಚ್ಚದೇ ಇರುವುದು ಯಾವುದು ಅಂತ ಹುಡುಕುತ್ತಾ ಕೂತಿದ್ದೆ! ನಿಮ್ಮದೂ ಇದೇ ಕಥೆಯಾದರೆ ಕೀಬೋರ್ಡಿನ ಕೀಲಿಯೊತ್ತಿ ಮುಂದೆ ಹೋಗುವಂಥ ಸಾಫ್ಟ್‌ವೇರ್ ಬೇಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಪಿ ಒತ್ತಿದರೆ ಬೇಕು, ಎಕ್ಸ್ ಒತ್ತಿದರೆ ಬೇಡ. ಕ್ಯಾಪ್ಸ್ ಲಾಕ್ ಹಾಕಿಟ್ಟರೆ ಮುಂದಿನ ಫೋಟೊ ತಾನೇ ಬರುತ್ತದೆ. ಡಾರ್ಕ್‌ಟೇಬಲ್‌ನಲ್ಲಿ 1ರಿಂದ 5 ಒತ್ತಿ ನಕ್ಷತ್ರ ಕೊಡಬಹುದು. ಜಿಂಪ್ ಇದಕ್ಕಾಗದು, ಅದು ಒಂದೊಂದೇ ಫೋಟೊ ಹಿಡಿದು ಕೂರುವವರಿಗೆ.

ಎರಡು, ರಾ ತೆಗೆಯುತ್ತೀರಾ, ಜೆಪೆಗ್ ತೆಗೆಯುತ್ತೀರಾ? ರಾ ಅಂದರೆ ಕ್ಯಾಮೆರಾ ಕಂಡದ್ದನ್ನು ಹಾಗೇ ಇಡುವ ಫೈಲ್, ಜೆಪೆಗ್ ಅಂದರೆ ಕ್ಯಾಮೆರಾವೇ ತಿದ್ದಿ, ಕುಗ್ಗಿಸಿ ಕೊಡುವ ಫೋಟೊ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಕೆಂಪು ಬಣ್ಣದ ಮುಖದ ಮೇಲೆ ಕೆಂಪು ಲೈಟ್ ಬಿದ್ದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಜೆಪೆಗ್‌ನಲ್ಲಿ ಕೆನ್ನೆ, ಹಣೆ, ಗೆರೆ ಎಲ್ಲ ಸೇರಿ ಒಂದೇ ಕೆಂಪು ಮುದ್ದೆ. ಇಂಥದ್ದನ್ನು ರಾ ತೆಗೆದು ತಿದ್ದಲು ಡಾರ್ಕ್‌ಟೇಬಲ್, ರಾಥೆರಪಿ ಇವೆ, ಎರಡೂ ಪುಕ್ಕಟೆ. ನಾಮಕರಣದ ನಲವತ್ತು ಜೆಪೆಗ್‌ಗಾದರೆ ಮೊಬೈಲಿನ ಸ್ನ್ಯಾಪ್‌ಸೀಡ್ ಸಾಕು. ಲೋಕಲ್‌ನಲ್ಲಿ ಸೀಟು ಸಿಕ್ಕರೆ ಠಾಣೆ ದಾಟುವಷ್ಟರಲ್ಲಿ ಮುಗಿಯುತ್ತದೆ. ಸೀಟು ಸಿಗುವುದೇ ಕಷ್ಟ, ಅಲ್ವಾ?

ಮೂರು, ನೀವು ತಿದ್ದಿದ ಲೆಕ್ಕ ಎಲ್ಲಿರುತ್ತದೆ? ಲೈಟ್‌ರೂಮ್ ಕ್ಲಾಸಿಕ್ ಅದನ್ನು ತನ್ನ ಕ್ಯಾಟಲಾಗಿನಲ್ಲಿ, ಅಂದರೆ ಯಾವ ಫೋಟೊ ಎಲ್ಲಿದೆ ಅಂತಲೂ ಬರೆದಿಡುವ ಪಟ್ಟಿಯಲ್ಲಿ, ಇಡುತ್ತದೆ. ಡಾರ್ಕ್‌ಟೇಬಲ್ ಪ್ರತಿ ಫೋಟೊದ ಪಕ್ಕದಲ್ಲೂ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್ ಬರೆದಿಡುತ್ತದೆ. ಒಮ್ಮೆ ನಾನು ಜಾಗ ಸಾಲದೆ ಫೋಲ್ಡರನ್ನು ಸುಮ್ನೆ ಎಳೆದು ಹೊಸ ಹಾರ್ಡ್ ಡಿಸ್ಕಿಗೆ ಹಾಕಿದೆ. ಕ್ಯಾಟಲಾಗ್ ತೆರೆದರೆ ಒಂದು ಫೋಟೊವೂ ಸಿಗುತ್ತಿಲ್ಲ ಅಂದಿತು! ತಪ್ಪು ನನ್ನದೇ, ಸಾಫ್ಟ್‌ವೇರ್ ಒಳಗಿನಿಂದಲೇ ಫೋಲ್ಡರ್ ಜರುಗಿಸಬೇಕಿತ್ತು.

ನಾಲ್ಕು, ದುಡ್ಡು. ಲೈಟ್‌ರೂಮ್‌ಗೆ ಚಂದಾ ಕಟ್ಟಬೇಕು, ಮನೆ ಬಾಡಿಗೆಯ ಹಾಗೆ. ಕಟ್ಟುವುದು ನಿಲ್ಲಿಸಿದರೆ ಕ್ಲಾಸಿಕ್‌ನಲ್ಲಿ ಹಳೆಯ ಫೋಟೊ ನೋಡಬಹುದು, ಹೊರಗೆ ತೆಗೆಯಬಹುದು. ತಿದ್ದುವ ಡೆವಲಪ್ ಭಾಗಕ್ಕೆ ಬೀಗ ಬೀಳುತ್ತದೆ.

ಕೊನೆಗೆ ಎರಡು ಸಾಫ್ಟ್‌ವೇರ್ ಹಾಕಿಕೊಂಡು ಅದೇ ಐವತ್ತು ಫೋಟೊಗಳನ್ನು ಎರಡರಲ್ಲೂ ಮಾಡಿ ನೋಡಿ. ಚಂದದ ಫೋಟೊಗಳೇ ಬೇಡ, ಕತ್ತಲಲ್ಲಿ ತೆಗೆದ ದರಿದ್ರ ಫೋಟೊಗಳೂ ಇರಲಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಡಾರ್ಕ್‌ಟೇಬಲ್ ಏದುಸಿರು ಬಿಡಬಹುದು, ಅದನ್ನು ಕಲಿಯುವುದಕ್ಕೂ ತಾಳ್ಮೆ ಜಾಸ್ತಿ ಬೇಕು. ಆದರೂ ನಾನು ಅದರಲ್ಲೇ ಉಳಿದೆ. ಆರಿಸುವುದು ಈಗ ಮುಕ್ಕಾಲು ಗಂಟೆ. ಭಾಗವತರ ಮುಖಕ್ಕೆ ಅಡ್ಡ ಬರುವ ಮೈಕನ್ನು ಅಳಿಸಲು ಮಾತ್ರ ಈಗಲೂ ಜಿಂಪ್ ತೆರೆಯುತ್ತೇನೆ.