ಹಳೇ ಕಂಪ್ಯೂಟರಿನಲ್ಲೇ ಚಂಡೆ ಪೆಟ್ಟು ಸಿಂಕ್ ಮಾಡಿದ್ದು: ನನ್ನ ಅನುಭವ

"ಗ್ರಾಫಿಕ್ಸ್ ಕಾರ್ಡ್ ಬದಲಿಸು, ಇಲ್ಲಾಂದ್ರೆ ಕಂಪ್ಯೂಟರನ್ನೇ ಬದಲಿಸು." ಶಿರಸಿಯಲ್ಲಿ ಎಡಿಟಿಂಗ್ ಮಾಡುವ ಗೆಳೆಯರು ಎರಡು ವರ್ಷ ನನಗೆ ಹೇಳಿದ್ದು ಇದೊಂದೇ ಮಾತು. ಈ ಮಳೆಗಾಲದಲ್ಲಿ ಎಂಟು ತಾಸಿನ ಯಕ್ಷಗಾನದ ಪೂರ್ತಿ ಎಡಿಟ್ ಅದೇ ಹಳೇ ಕಂಪ್ಯೂಟರಿನಲ್ಲಿ ಮುಗಿಸಿ ಕೊಟ್ಟೆ. ಒಂದು ಕಡೆಯೂ ಲ್ಯಾಗ್ ಇಲ್ಲ, ಒಂದು ಕಡೆಯೂ ಧ್ವನಿ ಜಾರಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮದುವೆ ವಿಡಿಯೋದಲ್ಲಿ ಸಿಂಕ್, ಅಂದ್ರೆ ಚಿತ್ರಕ್ಕೂ ಧ್ವನಿಗೂ ಇರುವ ಹೊಂದಿಕೆ, ಸ್ವಲ್ಪ ಆಚೀಚೆ ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಮೇಲೆ ಹಾಡು ಹಾಕಿರುತ್ತೇವೆ ಅಲ್ವಾ. ಯಕ್ಷಗಾನದಲ್ಲಿ ಹಾಗೆ ನಡೆಯುವುದಿಲ್ಲ. ಚಂಡೆಯ ಕೋಲು ಮೇಲೆ ಇರುವಾಗಲೇ ಪೆಟ್ಟಿನ ಸದ್ದು ಬಂದರೆ ಮನೆಯ ಅಜ್ಜಿಗೂ ಗೊತ್ತಾಗುತ್ತದೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ಮುಖ್ಯ ಕ್ಯಾಮೆರಾ ರಂಗಸ್ಥಳದ ಎದುರು, ಹಿಮ್ಮೇಳಕ್ಕೆ ಒಂದು ಫೋನ್, ಪಕ್ಕದಿಂದ ಗೆಳೆಯನ ಹಳೇ ಕ್ಯಾಮೆರಾ. ಫೋನಿನ ಎರಡು ತಾಸಿನ ತುಣುಕು ಮೊದಲ ಹತ್ತು ನಿಮಿಷ ಸರಿಯಾಗಿ ಕೂರುತ್ತಿತ್ತು. ತುಣುಕಿನ ಕೊನೆಗೆ ಬಂದರೆ ಎರಡು, ಎರಡೂವರೆ ಸೆಕೆಂಡ್ ವ್ಯತ್ಯಾಸ. ಭಾಗವತರ ಬಾಯಿ ಮುಚ್ಚಿದೆ, ಪದ್ಯ ಇನ್ನೂ ಕೇಳುತ್ತಿದೆ. ಮೊದಲ ವರ್ಷ ಪ್ರತಿ ಐದು ನಿಮಿಷಕ್ಕೊಮ್ಮೆ ಕತ್ತರಿಸಿ ಕೈಯಿಂದಲೇ ಸರಿಸಿದೆ. ಒಂದು ಆಟಕ್ಕೆ ಹನ್ನೊಂದು ದಿನ ಹೋಯಿತು.

ಮುಖ್ಯ ಕ್ಯಾಮೆರಾದ್ದು ಬೇರೆ ಗೋಳು. 4ಕೆ, ಎಚ್.265 (ಬಹಳ ಒತ್ತಿ ಸಣ್ಣದು ಮಾಡಿದ ವಿಡಿಯೋ), 10 ಬಿಟ್ (ಬಣ್ಣದ ಛಾಯೆ ಹೆಚ್ಚು), 4:2:2 (ಬಣ್ಣದ ವಿವರ ಎಷ್ಟು ಉಳಿದಿದೆ ಎಂಬ ಲೆಕ್ಕ; 4:2:0ರಲ್ಲಿ ಕಡಿಮೆ, 4:4:4ರಲ್ಲಿ ಪೂರ್ತಿ). ಟೈಮ್‌ಲೈನಿನಲ್ಲಿ ಹಾಕಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತಿತ್ತು. ಆಗಲೇ ಎಲ್ಲರ ಮಾತು ಕೇಳಿ ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದೆ. 16,500 ರೂಪಾಯಿ. ಹಾಕಿ ನೋಡಿದರೆ ಲ್ಯಾಗ್ ಮೊದಲಿನ ಹಾಗೇ ಇದೆ! ಒತ್ತಿದ ಎಚ್.265 ವಿಡಿಯೋದಲ್ಲಿ ಆ ಕಾರ್ಡ್ 4:2:0 ಬಿಚ್ಚುತ್ತದೆ, 4:4:4 ಬಿಚ್ಚುತ್ತದೆ, ನಡುವಿನ 4:2:2 ಮಾತ್ರ ಮುಟ್ಟುವುದಿಲ್ಲ. ಕೆಲಸವೆಲ್ಲ ಮತ್ತೆ ಪ್ರೊಸೆಸರಿನ ತಲೆಗೇ. ಅದೇ ಕ್ಲಿಪ್ಪನ್ನು ತಂಗಿಯ ಮಗಳ ಕಾಲೇಜು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಸಲೀಸಾಗಿ ಓಡಿತು. ಅದರಲ್ಲಿ ಕಾರ್ಡೇ ಇಲ್ಲ, ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಅಷ್ಟೇ. ಇಂಟೆಲ್‌ನವರು 11ನೇ ತಲೆಮಾರಿನ ಪ್ರೊಸೆಸರುಗಳಲ್ಲಿ ಆ 4:2:2 ಬಿಚ್ಚುವ ಭಾಗವನ್ನು ಒಳಗೇ ಕೊಟ್ಟಿದ್ದಾರೆ. ನನ್ನದೂ 11ನೇ ತಲೆಮಾರಿನ ಐ5. ಆದರೆ ಹೆಸರಿನ ಕೊನೆಗೆ ಎಫ್ ಅಕ್ಷರ, ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲದ್ದು. ಕಂಪ್ಯೂಟರ್ ಜೋಡಿಸುವಾಗ ಒಂದೂವರೆ ಸಾವಿರ ಉಳಿಸಲು ಅದನ್ನು ಹಾಕಿಸಿಕೊಂಡಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಹೊಸದಾಗಿ ಜೋಡಿಸುವವರು ಈ ಒಂದು ಅಕ್ಷರ ನೋಡಿಯೇ ತಗೊಳ್ಳಿ.

ಆಮೇಲೆ ಎಲ್ಲವನ್ನೂ ಕನ್ವರ್ಟ್ ಮಾಡಿಯೇ ಎಡಿಟ್ ಮಾಡುತ್ತೇನೆ ಅಂತ ಹಟ ಹಿಡಿದೆ. ಒಂದು ಕನ್ವರ್ಟರಿಗೆ ವರ್ಷಕ್ಕೆ 2,400 ಕಟ್ಟಿದೆ. ಅದು ಮಾಡುವುದನ್ನೆಲ್ಲ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಮಾಡುತ್ತದೆ. 4ಕೆ ಫೂಟೇಜನ್ನು ಡಿಎನ್‌ಎಕ್ಸ್‌ಎಚ್‌ಆರ್ ಎಂಬ, ಎಡಿಟಿಂಗಿಗೆ ಸಲೀಸಾದ ಫಾರ್ಮ್ಯಾಟಿನ ಎಸ್‌ಕ್ಯೂ ದರ್ಜೆಗೆ ಇಳಿಸಿದರೆ ತಾಸಿಗೆ 200 ಜಿಬಿ ಮೇಲೆ ಬರುತ್ತದೆ. ಆರು ಸಾವಿರ ಕೊಟ್ಟು ತಂದ 1 ಟಿಬಿ ಎಸ್‌ಎಸ್‌ಡಿ ಪ್ರಸಂಗ ಅರ್ಧ ದಾಟುವಷ್ಟರಲ್ಲಿ ತುಂಬಿತು. ಸಾಲದ್ದಕ್ಕೆ ಎಸ್‌ಕ್ಯೂ 8 ಬಿಟ್. ಹಿಂದಿನ ನೀಲಿ ಪರದೆಯ ಮೇಲೆ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆದು ಕಂಡಿತು. 10 ಬಿಟ್ ಉಳಿಯಬೇಕೆಂದರೆ ಅದರ ಮೇಲಿನ ದರ್ಜೆ ಎಚ್‌ಕ್ಯೂಎಕ್ಸ್ ಬೇಕು. ಅದಕ್ಕೆ ಜಾಗ ಇನ್ನೂ ಜಾಸ್ತಿ.

ಆಷಾಢದಲ್ಲಿ ಮತ್ತೊಂದು ಪೆಟ್ಟು ಬಿತ್ತು. ರಾತ್ರಿ ಕನ್ವರ್ಟ್‌ಗೆ ಹಾಕಿ ಮಲಗಿದ್ದೆ. ಬೆಳಗಿನ ಜಾವ ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಯುಪಿಎಸ್ ಕಾಲು ತಾಸು ತಡೆದು ಸುಮ್ಮನಾಯಿತು. ಬೆಳಿಗ್ಗೆ ನೋಡಿದರೆ 90 ಜಿಬಿ ಫೈಲ್ ಇದೆ, ತೆರೆಯುವುದಿಲ್ಲ. ಎಂಒವಿ, ಎಂಪಿ4 ಫೈಲುಗಳು ಒಳಗಿನ ಲೆಕ್ಕದ ಪಟ್ಟಿಯನ್ನು ಸಾಮಾನ್ಯವಾಗಿ ಕೊನೆಗೇ ಬರೆಯುವುದು. ಅಷ್ಟರೊಳಗೆ ಕರೆಂಟ್ ಹೋದರೆ ಇಡೀ ಫೈಲ್ ಹೋದ ಹಾಗೇ. ಆವತ್ತಿನಿಂದ ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿಯೇ ಹಾಕುತ್ತೇನೆ. ಮುಗಿದ ತುಂಡನ್ನು ಬಿಟ್ಟು ಮುಂದಿನದಕ್ಕೆ ಹೋಗುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಕರೆಂಟ್ ಹೋದರೆ ಈಗ ಒಂದು ತುಂಡು ಮಾತ್ರ ಹಾಳು.

ಕೊನೆಗೆ ಕೆಲಸ ಮಾಡಿದ ದಾರಿ ಇದು. ಮುಖ್ಯ ಕ್ಯಾಮೆರಾದ ಒರಿಜಿನಲ್ ಮುಟ್ಟುವುದಿಲ್ಲ. ಅದರ ಪ್ರಾಕ್ಸಿ, ಅಂದ್ರೆ ಎಡಿಟ್ ಮಾಡಲು ಬಳಸುವ ಹಗುರ ನಕಲು, ಮಾತ್ರ 1080ರಲ್ಲಿ, ಡಿಎನ್‌ಎಕ್ಸ್‌ಎಚ್‌ಆರ್‌ನ ಸಣ್ಣ ದರ್ಜೆ ಎಲ್‌ಬಿಯಲ್ಲಿ. ತಾಸಿಗೆ 16 ಜಿಬಿ, ಇಡೀ ರಾತ್ರಿಗೆ 130ರ ಹತ್ತಿರ. ಹೆಸರು, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು), ಆಡಿಯೋ ಚಾನೆಲ್ ಮೂರೂ ಒರಿಜಿನಲ್ ಇದ್ದ ಹಾಗೇ ಇರಬೇಕು. ಒಂದು ತಪ್ಪಿದರೂ ಪ್ರಾಕ್ಸಿ ಸರಿಯಾಗಿ ಜೋಡಿಯಾಗುವುದಿಲ್ಲ. ಬಣ್ಣ ತಿದ್ದುವಾಗ ಮತ್ತು ರೆಂಡರಿಗೆ ಒರಿಜಿನಲ್ಲೇ. ನನ್ನ ಯಂತ್ರದಲ್ಲಿ ಒಂದು ತಾಸಿನ ಫೂಟೇಜಿಗೆ ಪ್ರಾಕ್ಸಿ ಮಾಡಲು ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯುತ್ತದೆ. ಸಂಜೆ ಹಾಕಿದರೆ ಬೆಳಿಗ್ಗೆ ತಯಾರು.

ಫೋನಿನದ್ದಕ್ಕೆ ಪ್ರಾಕ್ಸಿ ಮಾಡಿ ಉಪಯೋಗ ಇಲ್ಲ. ಅದರ ರೋಗವೇ ಬೇರೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ತೆರೆದು ನೋಡಿದಾಗ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಎದುರು ವೇರಿಯೇಬಲ್, ಅಂದ್ರೆ ಬದಲಾಗುವಂಥದ್ದು, ಅಂತ ಇತ್ತು. ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಫೋನ್ ತಾನೇ ಫ್ರೇಮ್ ಕಡಿಮೆ ಮಾಡುತ್ತದೆ. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಸಮಾನ ಅಂತರದ ಫ್ರೇಮ್ ಎಂದೇ ಲೆಕ್ಕ ಹಾಕುತ್ತದೆ. ನನ್ನ ಎರಡೂವರೆ ಸೆಕೆಂಡ್ ಹೋಗಿದ್ದು ಅಲ್ಲೇ. ಹಾಗಾಗಿ ಫೋನಿನ ಫೈಲನ್ನು ಮೊದಲು ಬದಲಾಗದ (ಕಾನ್‌ಸ್ಟೆಂಟ್) ಫ್ರೇಮ್ ರೇಟಿಗೆ ತರುತ್ತೇನೆ. ಆಡಿಯೋವನ್ನು ಒತ್ತಿದ ಎಎಸಿಯಿಂದ ಒತ್ತದ 48 ಕಿಲೋಹರ್ಟ್ಸ್ ವೇವ್‌ಗೆ ಬದಲಿಸುತ್ತೇನೆ. ಆಡಿಯೋದ ನಡುನಡುವೆ ಬರುವ ಸಣ್ಣ ಖಾಲಿ ತುಂಬುವ ಸೆಟ್ಟಿಂಗ್ ಒಂದಿದೆ. ಅದರ ಅಂಕಿ ಮಾತ್ರ ಇಲ್ಲಿ ಬರೆಯುವುದಿಲ್ಲ, ಆರು ತಿಂಗಳು ಕೂತು ಹುಡುಕಿದ್ದು.

ಇಲ್ಲೂ ಒಮ್ಮೆ ಎಡವಿದ್ದೇನೆ. ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್ ಅಲ್ವಾ ಅಂತ 30ರ ಫೋನ್ ಫೂಟೇಜನ್ನು ನೇರ 25ಕ್ಕೆ ಇಳಿಸಿದೆ. ಮಾತಿನ ಭಾಗ ಚೆನ್ನಾಗಿತ್ತು. ಒಂದು ಅಗಲ ಶಾಟಿನಲ್ಲಿ ಮಂಡಿ ಕುಣಿತ ಬಂದಾಗ ಮಾತ್ರ ವೇಷ ತಡೆತಡೆದು ತಿರುಗಿದ ಹಾಗೆ ಕಂಡಿತು. ಆರಕ್ಕೊಂದು ಫ್ರೇಮ್ ಹಾರುತ್ತದಲ್ಲ, ಅದು. ಈಗ ಶೂಟ್ ಮಾಡುವಾಗಲೇ ಫೋನಿನ ಆ್ಯಪಿನಲ್ಲಿ 25 ಇಟ್ಟು ಶಟರ್ ಸೆಕೆಂಡಿನ 50ರಲ್ಲಿ ಒಂದಕ್ಕೆ ಲಾಕ್ ಮಾಡುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟಿನ ಮಿಣುಕೂ ನಿಂತಿತು.

ಗೆಳೆಯನ ಹಳೇ ಕ್ಯಾಮೆರಾದ್ದು ಎಂಟಿಎಸ್ ಫೈಲ್, 50ಐ (ಸೆಕೆಂಡಿಗೆ 50 ಅರ್ಧ ಚಿತ್ರ, ಗೆರೆ ಬಿಟ್ಟು ಗೆರೆ). ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂತೆ ಗೆರೆ ಕಾಣುತ್ತಿತ್ತು. 25ರ ಬದಲು 50ಪಿಗೆ (ಸೆಕೆಂಡಿಗೆ 50 ಪೂರ್ತಿ ಚಿತ್ರ) ಡಿಇಂಟರ್ಲೇಸ್ ಮಾಡಿ, ಕುಣಿತದ ನಾಲ್ಕು ಕಡೆ ಅರ್ಧ ವೇಗದಲ್ಲಿ ಸ್ಲೋ ಮೋಷನ್ ತೆಗೆದೆ. ಇದು ಯಾರೂ ಹೇಳಿಕೊಟ್ಟದ್ದಲ್ಲ. ನೋಡಿದವರು ಹೊಸ ಕ್ಯಾಮೆರಾದ್ದೇ ಅಂದುಕೊಂಡರು. ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಯೂ ಒಂದು ವಾರ ಕಳೆದೆ. ಅದರಲ್ಲಿ ನನ್ನ ಸಾಫ್ಟ್‌ವೇರಿನ ಉಚಿತ ಆವೃತ್ತಿ ಎಲ್ಲೆಡೆ ಬಳಸುವ ಎಚ್.264 ವಿಡಿಯೋ ಕೂಡ ತೆಗೆದುಕೊಳ್ಳಲಿಲ್ಲ. ವಾಪಸ್ ಬಂದೆ.

ಇಷ್ಟಾದ ಮೇಲೂ ಮೈಕುಗಳ ಮಿಕ್ಸರಿನಿಂದ ಬೇರೆ ರೆಕಾರ್ಡರಿನಲ್ಲಿ ತೆಗೆದ ಧ್ವನಿ ಸ್ವಲ್ಪ ಜಾರುತ್ತಿತ್ತು. ತಾಸಿಗೆ ಎರಡೇ ಫ್ರೇಮ್, ಆದರೆ ಬೆಳಗಿನ ಮಂಗಳದ ಹೊತ್ತಿಗೆ ಹದಿನಾಲ್ಕು ಹದಿನೈದು ಫ್ರೇಮ್. ಇದು ಕೋಡೆಕ್ (ವಿಡಿಯೋ, ಧ್ವನಿ ಒತ್ತುವ ವಿಧಾನ) ತಪ್ಪಲ್ಲ, ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ ಅಷ್ಟೇ. ಶುರುವಿನಲ್ಲಿ ಒಂದು ಚಂಡೆ ಪೆಟ್ಟು, ಕೊನೆಯಲ್ಲಿ ಒಂದು ಚಂಡೆ ಪೆಟ್ಟು ಹಿಡಿದು ಇಡೀ ಆಡಿಯೋವನ್ನು ಅಷ್ಟೇ ಹಿಗ್ಗಿಸಿದೆ. ಕ್ಲಾಪ್ ಬೋರ್ಡಿಗಿಂತ ಚಂಡೆ ಒಳ್ಳೆಯದು. ಕೋಲು ತಾಗುವ ಫ್ರೇಮ್ ಸ್ಪಷ್ಟ ಕಾಣುತ್ತದೆ, ವೇವ್‌ಫಾರ್ಮಿನಲ್ಲಿ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ.

ಹನ್ನೊಂದು ದಿನದ ಕೆಲಸ ಈಗ ನಾಲ್ಕು ದಿನಕ್ಕೆ ಬಂದಿದೆ. ಈ ಆಟಕ್ಕೆ 18,000 ಸಿಕ್ಕಿತು. ಕಾರ್ಡನ್ನು ಕುಮಟಾದ ಒಬ್ಬ ಮದುವೆ ಫೋಟೋಗ್ರಾಫರಿಗೆ 11,000ಕ್ಕೆ ಕೊಟ್ಟೆ. ಅವರ ಕ್ಯಾಮೆರಾದ್ದು 4:2:0, ಅಲ್ಲಿ ಕಾರ್ಡ್ ಚೆನ್ನಾಗಿ ಓಡುತ್ತಿದೆ. ಏನು ಓಡುತ್ತದೆ, ಏನು ಓಡುವುದಿಲ್ಲ ಅಂತ ಮೊದಲೇ ಹೇಳಿಯೇ ಕೊಟ್ಟದ್ದು.

ವಿಡಿಯೋ ಕೊಡುವ ಮೊದಲು ಭಾಗವತರನ್ನೇ ಕರೆದು ಕೂರಿಸಿದೆ. ಅವರು ತಮ್ಮ ಮುಖ ನೋಡಲಿಲ್ಲ. ಮದ್ದಳೆಯವರ ಬೆರಳನ್ನೇ ನೋಡುತ್ತ ತೊಡೆಯ ಮೇಲೆ ತಾಳ ಹಾಕಿದರು. ಕೊನೆಯ ತಾಸಿಗೆ ಹೋಗು ಅಂದರು. ಹೋದೆ. ಅಲ್ಲೂ ಒಂದು ಪದ್ಯ ಪೂರ್ತಿ ಕೇಳಿ, "ಸರಿ ಇದ್ದು ತಮಾ" ಅಂದು ಚಹಾದ ಲೋಟ ಎತ್ತಿಕೊಂಡರು.