ಸೋಡಾಕ್ಕೆ ಐಸ್‌ಕ್ರೀಮ್ ಹಾಕುವ ಮುನ್ನ

ರಜೆಗೆಂದು ಮಕ್ಕಳು ಮನೆ ತುಂಬಿರುವ ಈ ದಿನಗಳಲ್ಲಿ ಹುಬ್ಬಳ್ಳಿಯ ನಮ್ಮ ಬಡಾವಣೆಯವರಿಗೆ ಒಂದು ಸಲಹೆ: ಸೋಡಾದ ಮೇಲೆ ಐಸ್‌ಕ್ರೀಮ್ ತೇಲಿಸಿ ಕೊಡುವುದಾದರೆ ಲೋಟದ ಮೂರನೆಯ ಒಂದು ಭಾಗವನ್ನು ಖಾಲಿ ಬಿಡಿರಿ. ಹೋದ ಭಾನುವಾರ ನಾನು ಲೋಟದ ಕಂಠದವರೆಗೆ ಸೋಡಾ ಸುರಿದು ಒಂದು ಚಮಚ ವೆನಿಲ್ಲಾ ಹಾಕಿದೊಡನೆ ನೊರೆ ಅಂಚು ದಾಟಿ, ಕಟ್ಟೆಯ ಮೇಲೆ ಹರಿದು, ಬದಿಗಿದ್ದ ರೊಟ್ಟಿಯ ಬುಟ್ಟಿಯನ್ನೂ ತೋಯಿಸಿತು.

ಸೋಡಾದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಒತ್ತಡದಿಂದ ಕರಗಿಸಿರುತ್ತಾರೆ. ಗೋಲಿ ಸೋಡಾದ ಗೋಲಿಯನ್ನು ಬಾಟಲಿಯ ಬಾಯಿಗೆ ಒತ್ತಿ ಹಿಡಿದಿರುವುದೂ ಅದೇ ಒತ್ತಡ. ತೆರೆದ ಮೇಲೆ ಅನಿಲ ಹೊರಬರಲು ಹವಣಿಸುತ್ತದೆ, ಆದರೆ ಗುಳ್ಳೆ ಹುಟ್ಟಲು ಅದಕ್ಕೊಂದು ನೆಲೆ ಬೇಕು. ಐಸ್‌ಕ್ರೀಮಿನ ಒರಟು ಮೈ, ಅದರೊಳಗಿನ ಮಂಜಿನ ಹರಳುಗಳು, ಕಡೆಯುವಾಗ ಸೇರಿಕೊಂಡ ಗಾಳಿಯ ಸಣ್ಣ ಗುಳ್ಳೆಗಳು ಅಂಥ ನೆಲೆಗಳನ್ನು ಲೆಕ್ಕವಿಲ್ಲದಷ್ಟು ಒದಗಿಸುತ್ತವೆ. ಬರಿಯ ಸೋಡಾದ ಗುಳ್ಳೆ ಕ್ಷಣದಲ್ಲಿ ಒಡೆದುಹೋಗುತ್ತದೆ. ಇಲ್ಲಿ ಮಾತ್ರ ಹಾಲಿನ ಪ್ರೋಟೀನು ಮತ್ತು ಐಸ್‌ಕ್ರೀಮಿಗೆ ಬೆರೆಸಿದ ಅಂಟು ಪದಾರ್ಥ ಗುಳ್ಳೆಯನ್ನು ಬಲಪಡಿಸುವುದರಿಂದ ನೊರೆ ಬೇಗ ಇಳಿಯದೆ ಒಂದರ ಮೇಲೊಂದು ಪೇರಿಕೊಳ್ಳುತ್ತದೆ.

ತಣ್ಣನೆಯ ದ್ರವದಲ್ಲಿ ಅನಿಲ ಹೆಚ್ಚು ಕರಗಿ ನಿಲ್ಲುತ್ತದೆ. ಆದ್ದರಿಂದ ಸೋಡಾವನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಓರೆ ಹಿಡಿದ ಲೋಟದ ಗೋಡೆಗುಂಟ ಸುರಿದು, ಅದರ ನೊರೆ ಇಳಿದ ನಂತರವೇ ಐಸ್‌ಕ್ರೀಮನ್ನು ಚಮಚದಿಂದ ಮೆಲ್ಲಗೆ ಜಾರಿಸಿರಿ. ಉಪ್ಪು ಹಾಕಿದ ಲಿಂಬು ಸೋಡಾಕ್ಕೆ ಇದು ಒಗ್ಗುವುದಿಲ್ಲ. ಹುಳಿಗೆ ಹಾಲು ಒಡೆಯುತ್ತದೆ, ಕರಗದ ಉಪ್ಪಿನ ಹರಳು ನೊರೆಯನ್ನು ಇನ್ನಷ್ಟು ಎಬ್ಬಿಸುತ್ತದೆ.