ಹಳೆಯ ಓವರ್‌ಡ್ರೈವ್ ಆಟೋಮ್ಯಾಟಿಕ್: ಗುರುತು ಹಿಡಿಯುವುದು, ಗಟ್ಟಿ ಮಾಡುವುದು

ಹಳೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಯಾವುದೆಂದು ಮಾರುವವನನ್ನು ಕೇಳಬೇಡಿ, ಬಗ್ಗಿ ಅದರ ಹೊಟ್ಟೆ ನೋಡಿ. ಆಯಿಲ್ ಪ್ಯಾನ್‌ನ ಬೋಲ್ಟ್ ಎಣಿಸಿದರೆ ಅರ್ಧ ಕೆಲಸ ಮುಗಿಯಿತು. ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಮೂರು ಗೇರಿನ ಟಿಎಚ್350 ಮತ್ತು ಟಿಎಚ್400ಕ್ಕೆ 13 ಬೋಲ್ಟ್. ಓವರ್‌ಡ್ರೈವ್ (ಎಂಜಿನ್‌ಗಿಂತ ಹಿಂದಿನ ಶಾಫ್ಟ್ ವೇಗವಾಗಿ ತಿರುಗುವ ನಾಲ್ಕನೇ ಗೇರ್) ಇರುವ 700ಆರ್4 ಮತ್ತು 200-4ಆರ್‌ಗೆ 16. ಈ ಎರಡರಲ್ಲಿ 700ಆರ್4 ಪ್ಯಾನ್ ಹೆಚ್ಚುಕಡಿಮೆ ಚೌಕ, 200-4ಆರ್‌ನದು ಸೊಟ್ಟ. 200-4ಆರ್‌ನ ಬೆಲ್‌ಹೌಸಿಂಗ್‌ನಲ್ಲಿ (ಎಂಜಿನ್‌ಗೆ ಬಿಗಿಯುವ ಮುಂಭಾಗದಲ್ಲಿ) ಷೆವರ್ಲೆಗೂ ಬ್ಯೂಕ್-ಓಲ್ಡ್ಸ್‌ಮೊಬೀಲ್-ಪಾಂಟಿಯಾಕ್‌ಗೂ ಹೊಂದುವಂತೆ ಎರಡೂ ಬಗೆಯ ರಂಧ್ರಗಳಿರುವುದು ಸಾಮಾನ್ಯ. ಫೋರ್ಡ್‌ನ ಓವರ್‌ಡ್ರೈವ್ ಬಾಕ್ಸ್ ಎಒಡಿಗೆ 14 ಬೋಲ್ಟ್.

ಇಷ್ಟಕ್ಕೇ ಹಣ ಕೊಟ್ಟುಬಿಡಬೇಡಿ. 1993ರಿಂದ ಬಂದ 4ಎಲ್60ಇ ಕೂಡ 16 ಬೋಲ್ಟಿನದೇ, ಹೊರಗಿನಿಂದ 700ಆರ್4ನ ತಮ್ಮನಂತೆ ಕಾಣುತ್ತದೆ. ಬಲಗಡೆ ಥ್ರಾಟಲ್ ಕೇಬಲ್ ಇಳಿಯುವ ತೂತಿದ್ದರೆ 700ಆರ್4. ಅಲ್ಲಿ ದಪ್ಪ ದುಂಡನೆಯ ವಿದ್ಯುತ್ ಕನೆಕ್ಟರ್ ಇದ್ದರೆ 4ಎಲ್60ಇ, ಅದಕ್ಕೆ ಪ್ರತ್ಯೇಕ ಕಂಪ್ಯೂಟರ್ ಬೇಕು. 700ಆರ್4 ಎಂದು ಖಚಿತವಾದ ಮೇಲೆ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಬಾಕ್ಸ್‌ಗೆ ದಾಟಿಸುವ ಭಾಗ) ಎಳೆದು ಇನ್‌ಪುಟ್ ಶಾಫ್ಟ್‌ನ ಸ್ಪ್ಲೈನ್ ಹಲ್ಲು ಎಣಿಸಿ. 1982ರಿಂದ ಬಂದ ಮೊದಮೊದಲಿನವಕ್ಕೆ 27 ಹಲ್ಲು, 1984ರ ನಂತರದವಕ್ಕೆ 30. 27ರದ್ದು ಪುಕ್ಕಟೆ ಸಿಕ್ಕರೂ ದುಬಾರಿಯೇ. 1987ರ ಈಚಿನದು ಸಿಕ್ಕರೆ ಅದನ್ನೇ ಹಿಡಿಯಿರಿ, ಒಳಗಿನ ಬಹುಪಾಲು ಸುಧಾರಣೆ ಕಂಪನಿಯೇ ಮಾಡಿ ಮುಗಿಸಿರುತ್ತದೆ. 200-4ಆರ್‌ನಲ್ಲಿ ಎಲ್ಲರೂ ಹುಡುಕುವುದು ಬಿಆರ್‌ಎಫ್ ಕೋಡ್, ಅಂದರೆ 1986-87ರ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನ ಬಾಕ್ಸ್. ಹಾಗಾಗಿಯೇ ಕೇಸ್‌ಗೆ ಬಡಿದ ತಗಡು ಮಾತ್ರ ಬಿಆರ್‌ಎಫ್ ಆಗಿ ಒಳಗೆಲ್ಲ ಬೇರೆಯಾಗಿರುವುದೂ ಉಂಟು.

ಯಾವುದನ್ನು ಆರಿಸಬೇಕು ಎಂಬುದು ಹಿಂದಿನ ಆಕ್ಸಲ್ ಮೇಲೆ ನಿಂತಿದೆ. 700ಆರ್4 ಅನುಪಾತ 3.06, 1.63, 1.00, 0.70. 200-4ಆರ್‌ನದು 2.74, 1.57, 1.00, 0.67. ಎಒಡಿಯದು 2.40, 1.47, 1.00, 0.67. ಟೈರ್ 26 ಇಂಚು, ಆಕ್ಸಲ್ ಅನುಪಾತ 3.73 ಎಂದಿಟ್ಟುಕೊಳ್ಳಿ. ಗಂಟೆಗೆ 65 ಮೈಲಿಯಲ್ಲಿ, ಅಂದರೆ ಸುಮಾರು 105 ಕಿ.ಮೀ. ವೇಗದಲ್ಲಿ, ಮೂರನೇ ಗೇರಿಗೆ 3,130 ಆರ್‌ಪಿಎಂ, 0.70ರ ನಾಲ್ಕನೆಯದಕ್ಕೆ 2,190. ಚೆನ್ನಾಗಿದೆ. ಅದೇ ಗಾಡಿಗೆ 2.73 ಆಕ್ಸಲ್ ಇದ್ದರೆ ಎಂಜಿನ್ 1,600ಕ್ಕೆ ಕುಸಿಯುತ್ತದೆ, ಬಾಕ್ಸ್ ಮೂರಕ್ಕೂ ನಾಲ್ಕಕ್ಕೂ ತೂಗಾಡುತ್ತಲೇ ಇರುತ್ತದೆ. 700ಆರ್4ನ ಮೊದಲ ಗೇರ್ ಜೋರಾಗಿ ಎತ್ತುತ್ತದೆ ನಿಜ, ಆದರೆ ಒಂದರಿಂದ ಎರಡಕ್ಕೆ ಹೋಗುವಾಗ ದೊಡ್ಡ ಹಳ್ಳ: 5,000ದಲ್ಲಿ ಬದಲಾದರೆ ಎಂಜಿನ್ 2,660ಕ್ಕೆ ಇಳಿಯುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಎಳೆಯುವ ಎಂಜಿನ್‌ಗೆ 200-4ಆರ್ ವಾಸಿ.

ಟಿಎಚ್350 ತೆಗೆದು 200-4ಆರ್ ಕೂರಿಸಿದರೆ ಉದ್ದ ಒಂದೇ, 27 11/16 ಇಂಚು. ಪ್ರೊಪೆಲ್ಲರ್ ಶಾಫ್ಟ್ ಮುಟ್ಟಬೇಕಿಲ್ಲ, ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್ ಮಾತ್ರ ಆರೂವರೆ ಇಂಚಿಗಿಂತ ತುಸು ಹೆಚ್ಚೇ ಹಿಂದೆ ಸರಿಯುತ್ತದೆ. 700ಆರ್4 ಆದರೆ 30 3/4 ಇಂಚು, ಶಾಫ್ಟನ್ನು 3 ಇಂಚು ಕತ್ತರಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. 1986ರ ಈಚಿನ ಸ್ಮಾಲ್ ಬ್ಲಾಕ್ ಷೆವರ್ಲೆಯ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನೂ ಕನ್ವರ್ಟರನ್ನೂ ಜೋಡಿಸುವ ತಟ್ಟೆ) ಹಳೆಯ ಕ್ರ್ಯಾಂಕಿಗೆ ಆಗುವುದಿಲ್ಲ. ಫೋರ್ಡ್ 302 ಎಂಜಿನ್‌ನಲ್ಲಿ ಹಳೆಯದಕ್ಕೆ 28 ಔನ್ಸ್, ನಂತರದ 5.0ಕ್ಕೆ 50 ಔನ್ಸ್ ಬ್ಯಾಲೆನ್ಸ್. ಅದಲುಬದಲಾದರೆ ಗಾಡಿಯೆಲ್ಲ ನಡುಗುತ್ತದೆ.

ಇನ್ನು ಟಿವಿ ಕೇಬಲ್. ದೂರದರ್ಶನದ್ದಲ್ಲ, ಥ್ರಾಟಲ್ ವಾಲ್ವ್‌ನದು. ಇದನ್ನು ಗೇರ್ ಬದಲಿಸಲು ಇಟ್ಟ ತಂತಿ ಎಂದುಕೊಂಡವರ ಬಾಕ್ಸೇ ಮೊದಲು ಸುಡುವುದು. ಆಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಗೇರ್‌ಬಾಕ್ಸ್‌ಗೆ ತಿಳಿಸಿ, ಒಳಗಿನ ಎಣ್ಣೆಯ ಒತ್ತಡ ಏರಿಸುವುದು ಇದೇ. ಕೇಬಲ್ ಸಡಿಲವಾದರೆ ಒತ್ತಡ ಕಡಿಮೆ, ಕ್ಲಚ್ ಜಾರುತ್ತದೆ, ಜಾರಿದ್ದು ಸುಡುತ್ತದೆ. ಗೇರ್ ಬೇಗ ಬೇಗ ನಯವಾಗಿ ಬದಲಾಗುವುದರಿಂದ ಓಡಿಸುವವರಿಗೆ ಹಿತವೆನಿಸುತ್ತದೆ, ಅದೇ ಅಪಾಯ.

ಜಿಎಂನದನ್ನು ಹೊಂದಿಸುವುದು ಹೀಗೆ: ಎಂಜಿನ್ ಆಫ್ ಮಾಡಿ, ಕೇಬಲ್ ತುದಿಯ ಗುಂಡಿ ಒತ್ತಿ ಹಿಡಿದು ಸ್ಲೈಡರನ್ನು ಹಿಂದಕ್ಕೆ, ಫೈರ್‌ವಾಲ್ (ಎಂಜಿನ್ ಹಿಂದಿನ ತಗಡಿನ ಗೋಡೆ) ಕಡೆಗೆ, ಪೂರ್ತಿ ತಳ್ಳಿ ಗುಂಡಿ ಬಿಡಿ. ಆಮೇಲೆ ಕಾರ್ಬ್ಯುರೇಟರ್ ಬಳಿಯ ಲಿವರನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ಟಿಕ್ ಟಿಕ್ ಎಂದು ಸ್ಲೈಡರ್ ತಾನೇ ಜಾಗ ಹಿಡಿಯುತ್ತದೆ. ಆದರೆ ಬೇರೆ ಕಾರ್ಬ್ಯುರೇಟರ್ ಹಾಕಿದ್ದರೆ ಇದೊಂದೇ ಸಾಲದು. ಕೇಬಲ್ ಸಿಕ್ಕಿಸುವ ಮೊಳೆ ಥ್ರಾಟಲ್ ಶಾಫ್ಟ್‌ನ ನಡುವಿನಿಂದ ಸುಮಾರು 1 1/8 ಇಂಚು ದೂರವಿರಬೇಕು. ಇಲ್ಲದಿದ್ದರೆ ಪೂರ್ತಿ ಒತ್ತಿದಾಗ ಸರಿಯಾಗಿದ್ದೂ ಅರ್ಧ ಒತ್ತಿದಾಗ ಒತ್ತಡ ಸಾಲುವುದಿಲ್ಲ. ಅದಕ್ಕೆಂದೇ ತಿದ್ದುವ ಬ್ರ್ಯಾಕೆಟ್ ಸಿಗುತ್ತದೆ, ಕೊಳ್ಳಿ. ಎಒಡಿಗೆ ಕಣ್ಣಂದಾಜು ಬೇಡವೇ ಬೇಡ. ಕೇಸ್‌ನ ಟಿವಿ ಪೋರ್ಟ್‌ಗೆ ಒತ್ತಡದ ಗೇಜ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ, 0.397 ಇಂಚಿನ ಗೇಜ್ ಬ್ಲಾಕ್ (ಅಳತೆಗೆಂದು ಸಿಕ್ಕಿಸುವ ತುಂಡು) ಇಟ್ಟು ಸುಮಾರು 35 ಪಿಎಸ್‌ಐ ಬರುವಂತೆ ಹೊಂದಿಸಿ.

ಗಟ್ಟಿ ಮಾಡುವುದಕ್ಕೆ ಬಂದರೆ, 700ಆರ್4ನಲ್ಲಿ ಪ್ಯಾನ್ ಇಳಿಸಿದರೆ ಸಾಕು, 0.500 ಇಂಚಿನ ಬೂಸ್ಟ್ ವಾಲ್ವ್ (ಎಣ್ಣೆಯ ಒತ್ತಡ ಹೆಚ್ಚಿಸುವ ವಾಲ್ವ್) ಹಾಕಬಹುದು. ಕಾರ್ವೆಟ್ ಕಾರಿನ ಸರ್ವೋ (ಗೇರ್ ಹಿಡಿಯುವ ಪಟ್ಟಿಯನ್ನು, ಅಂದರೆ ಬ್ಯಾಂಡನ್ನು, ಬಿಗಿಯುವ ಪಿಸ್ಟನ್) ಹೊರಗಿನಿಂದಲೇ ಕೂರುತ್ತದೆ, ಎರಡನೇ ಗೇರಿನ ಹಿಡಿತ ಬಿಗಿಯಾಗುತ್ತದೆ. ಬಾಕ್ಸ್ ಬಿಚ್ಚಿದ್ದೇ ಆದರೆ 3-4 ಕ್ಲಚ್‌ನ ಪ್ಲೇಟ್ ಹೆಚ್ಚಿಸಿ, ಗಟ್ಟಿ ಸನ್ ಶೆಲ್ (ಒಳಗಿನ ಸನ್ ಗೇರಿಗೆ ಸೇರಿದ ಡಬ್ಬಿಯಂಥ ಭಾಗ) ಹಾಕಿ. ಆ ಶೆಲ್ ಮುರಿದರೆ ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. 200-4ಆರ್‌ನಲ್ಲಿ ಮುರಿಯುವುದು ಪಂಪ್‌ನ ರಿಂಗ್, ಗಟ್ಟಿ ರಿಂಗ್ ಮತ್ತು 10 ವೇನ್‌ನ (ರೆಕ್ಕೆಯ) ರೋಟರ್ ಹಾಕಿ. ಎಒಡಿಯಲ್ಲಿ ನಾಲ್ಕನೇ ಗೇರಿನ ಭಾರವೆಲ್ಲ ಕನ್ವರ್ಟರನ್ನು ಬಿಟ್ಟು ನೇರ ತೆಳು ಒಳಶಾಫ್ಟ್ ಮೇಲೆ ಬೀಳುತ್ತದೆ. ಗಟ್ಟಿ ಶಾಫ್ಟ್ ಜೊತೆಗೆ ಎಒಡಿಇಯ (ಎಒಡಿಯದೇ ವಿದ್ಯುತ್ ನಿಯಂತ್ರಣದ ರೂಪ) 2 ಇಂಚಿನ ಬ್ಯಾಂಡನ್ನೂ ಅದರ ಡ್ರಮ್ಮನ್ನೂ ತನ್ನಿ, ಮೂಲದ್ದು ಒಂದೂವರೆ ಇಂಚು ಮಾತ್ರ.

ಕನ್ವರ್ಟರ್‌ಗೆ ಮೊದಲೇ ಸುಮಾರು ಒಂದು ಲೀಟರ್ ಎಣ್ಣೆ ಸುರಿದು, ತಿರುಗಿಸುತ್ತ ಒತ್ತಿ. ಹಂತ ಹಂತವಾಗಿ ಒಳಗೆ ಬೀಳುವುದು ಕೈಗೆ ತಿಳಿಯುತ್ತದೆ, ಕೊನೆಯದು ಪಂಪ್ ಹಿಡಿಯುವ ಹಂತ. ಬೆಲ್‌ಹೌಸಿಂಗ್ ಬಿಗಿದ ಮೇಲೆ ಕನ್ವರ್ಟರ್ ಕೈಯಲ್ಲೇ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್‌ಗೂ ಅದಕ್ಕೂ 1/8ರಿಂದ 3/16 ಇಂಚು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಬೋಲ್ಟಿನಿಂದ ಎಳೆಯಬೇಡಿ, ಹೊರಗೆ ತೆಗೆದು ಮತ್ತೆ ಕೂರಿಸಿ, ಇಲ್ಲವಾದರೆ ಸ್ಟಾರ್ಟ್ ಮಾಡಿದ ಕ್ಷಣ ಪಂಪ್ ಒಡೆಯುತ್ತದೆ. ಲಾಕಪ್ (ಕನ್ವರ್ಟರ್ ಒಳಗೆ ಜಾರದಂತೆ ಬಿಗಿಹಿಡಿಯುವ ಕ್ಲಚ್) ತಂತಿಯನ್ನು ಬ್ರೇಕ್ ಸ್ವಿಚ್ ಮೂಲಕ ಹಾಯಿಸಿ, ಬ್ರೇಕ್ ಒತ್ತಿದೊಡನೆ ಲಾಕಪ್ ಬಿಡಬೇಕು. ಹಳೆ ಬಾಕ್ಸ್ ಸುಟ್ಟಿದ್ದರೆ ಎಣ್ಣೆ ತಣಿಸುವ ಕೂಲರ್ ತೊಳೆಯುವುದಕ್ಕಿಂತ ಬದಲಿಸುವುದೇ ಸರಿ.

ಕೆಲವು ನೂರು ಕಿಲೋಮೀಟರ್ ಓಡಿಸಿ ಪ್ಯಾನ್ ಇಳಿಸಿ ನೋಡಿ. ತಳದಲ್ಲಿ ತೆಳ್ಳಗೆ ಬೂದು ಕೆಸರಿದ್ದರೆ ಸಹಜ. ಬೆರಳಿಗೆ ಕಪ್ಪು ಚೂರು ಅಂಟಿ ಸುಟ್ಟ ವಾಸನೆ ಬಂದರೆ ಕ್ಲಚ್ ಹೋಗುತ್ತಿದೆ, ಮೊದಲು ಕೇಬಲ್ ಪರೀಕ್ಷಿಸಿ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಬುಷ್ ಸವೆಯುತ್ತಿದೆ, ಅದಕ್ಕೆ ಬಾಕ್ಸ್ ಇಳಿಸಲೇಬೇಕು.